ಗಂಜಿ ಕೇಂದ್ರದಲ್ಲಿ ಹೆಂಡತಿಗೆ ಹೊಡೆದರೆ ಹೆಚ್ಚಿನ ಶಿಕ್ಷೆ ಇದೆಯೇ?

ಪ್ರಶ್ನೆ (ಆಶಾ ಕಾರ್ಯಕರ್ತೆ, ವಿರಾಜಪೇಟೆ ತಾಲ್ಲೂಕು): ಮೇಡಂ, ಹೊಳೆ ಉಕ್ಕಿ ನಮ್ಮ ಕಡೆಯ ಕೆಲವು ಕುಟುಂಬಗಳು ಶಾಲೆಯ ಗಂಜಿ ಕೇಂದ್ರದಲ್ಲಿವೆ. ಅಲ್ಲೊಬ್ಬ ದಿನವೂ ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಾನೆ. ವಿಪತ್ತು ಘೋಷಣೆಯಾಗಿರುವಾಗ ಇಂಥವರಿಗೆ ಶಿಕ್ಷೆ ಹೆಚ್ಚೆಂದು ಯಾರೋ ಹೇಳಿದರು. ನಿಜವೇ?

ವಕೀಲರು: ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ ಪ್ರದೇಶದೊಳಗೆ, ಆ ಪರಿಸ್ಥಿತಿಯ ಲಾಭ ಪಡೆದು ಮನೆಗೆ ಕನ್ನ ಹಾಕಿದರೆ ಅಪರಾಧದ ದರ್ಜೆಯೇ ಏರುತ್ತದೆ. ನಮ್ಮಲ್ಲಿ ಮನೆಯೊಳಗಿನ ಹೊಡೆತಕ್ಕೆ ಅಂಥ ನಿಯಮವಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಸುಳ್ಳು ಪರಿಹಾರ ಕೇಳಿದವನಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ. ಹೆಂಡತಿಯ ಮೈಮೇಲಿನ ಬಾಸುಂಡೆಯ ಬಗ್ಗೆ ಅದಕ್ಕೆ ಮಾತಿಲ್ಲ. ಗಂಡನ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆ, ಮಳೆಗಾಲವಿರಲಿ ಬೇಸಿಗೆಯಿರಲಿ.

ಈಗ ನೀವು ಮಾಡಬಹುದಾದದ್ದು ಬೇರೆ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಂತೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟ ಮಾಹಿತಿಗಾಗಿ ನಿಮ್ಮ ಮೇಲೆ ಮೊಕದ್ದಮೆ ಬರುವುದಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕೇಳಿ. ನಮ್ಮ ರಾಜ್ಯದಲ್ಲಿ ಈ ಹೊಣೆ ಅವರದು. ಹೊಡೆತ ನಡೆಯುತ್ತಿರುವಾಗಲೇ ಆದರೆ 112.

ಪ್ರಶ್ನೆ (ಅದೇ ಆಶಾ ಕಾರ್ಯಕರ್ತೆ): ಅವಳ ಊರು ಬೇರೆ ತಾಲ್ಲೂಕು. ಕಾಗದಪತ್ರವೆಲ್ಲ ನೀರುಪಾಲು. ಅರ್ಜಿ ಎಲ್ಲಿ ಹಾಕುವುದು?

ವಕೀಲರು: ಅದೇ ಸಂರಕ್ಷಣಾ ಕಾಯ್ದೆಯ 27ನೇ ಕಲಮು ನೋಡಿ. ನೊಂದವಳು ತಾತ್ಕಾಲಿಕವಾಗಿ ವಾಸವಿರುವ ಜಾಗದ ಮ್ಯಾಜಿಸ್ಟ್ರೇಟರಿಗೂ ಅಧಿಕಾರವಿದೆ. ಗಂಜಿ ಕೇಂದ್ರದ ಹಾಜರಿ ಪುಸ್ತಕದಲ್ಲಿರುವ ಅವಳ ಹೆಸರೇ ವಾಸಕ್ಕೆ ಒಳ್ಳೆಯ ಪುರಾವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗಾಯ ತೋರಿಸಿ ಚೀಟಿ ಮಾಡಿಸಿ. ಗಂಡನ ಹಾಜರಿಗೆ ಕಾಯದೆ, ಅವಳ ಪ್ರಮಾಣಪತ್ರದ ಮೇಲೆಯೇ, ಅವನು ಹೊಡೆಯದಂತೆ ತಡೆಯುವ ಮಧ್ಯಂತರ ಆದೇಶ ಸಿಗಬಹುದು. ಅದನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ಸಿಗುವುದು ಹಕ್ಕಿನಿಂದಲ್ಲ. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ: ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಎಲ್ಲ ಮಹಿಳೆಯರಿಗೂ ಉಂಟು, ದೂರವಾಣಿ 15100.

ಪ್ರಶ್ನೆ (ತೋಟದ ರೈಟರ್, ಸೋಮವಾರಪೇಟೆ): ಶಿಕ್ಷೆಯನ್ನೇ ದುಪ್ಪಟ್ಟು ಮಾಡಿದರೆ ಎಲ್ಲರೂ ಹೆದರುತ್ತಾರಲ್ಲವೇ?

ವಕೀಲರು: ಕುಡಿದವನು ಕಲಮು ಓದಿ ಕೈ ಎತ್ತುವುದಿಲ್ಲ. ಇನ್ನೊಂದು ತೊಡಕೂ ಇದೆ. ತೋಟದವರು ಕೊಟ್ಟ ಲೈನ್ ಮನೆ ಗಂಡನ ಕೆಲಸಕ್ಕೆ ಅಂಟಿಕೊಂಡಿರುವಾಗ, ಅವನು ಆರು ವರ್ಷ ಒಳಗಿರುತ್ತಾನೆಂದರೆ ಎಷ್ಟು ಹೆಂಗಸರು ದೂರಿಗೆ ನಿಲ್ಲುತ್ತಾರೆ? ಕೋಮುಗಲಭೆಯ ಸಮಯದ ಅತ್ಯಾಚಾರಕ್ಕೆ ನಮ್ಮ ಕಾನೂನಿನಲ್ಲೇ ಹೆಚ್ಚಿನ ಗರಿಷ್ಠ ಶಿಕ್ಷೆ ಇದೆ, ಹಾಗಾಗಿ ಇಂಥ ತಿದ್ದುಪಡಿ ಅಸಾಧ್ಯವೇನಲ್ಲ. ಆದರೆ ಶಾಸನವೇ ಆಗಬೇಕು, ಜಿಲ್ಲಾಧಿಕಾರಿಯ ಆದೇಶ ಸಾಲದು. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಅಂತೂ ಕೇವಲ ಮುನ್ನೆಚ್ಚರಿಕೆ. ಕಾನೂನು ಬಂದರೂ ಅದಕ್ಕಿಂತ ಹಿಂದಿನ ಕೃತ್ಯಕ್ಕೆ ಹೆಚ್ಚಿನ ಶಿಕ್ಷೆ ಅನ್ವಯಿಸದು.

ಪ್ರಶ್ನೆ (ಅದೇ ಆಶಾ ಕಾರ್ಯಕರ್ತೆ): ಪರಿಹಾರದ ಹಣ ಅವನ ಖಾತೆಗೇ ಬರುತ್ತದೆ ಮೇಡಂ.

ವಕೀಲರು: ಅದನ್ನೂ ಅರ್ಜಿಯಲ್ಲೇ ಬರೆಸಿ. ಅನುಮತಿಯಿಲ್ಲದೆ ಆ ಖಾತೆ ಬಳಸದಂತೆ ಅದೇ ಸಂರಕ್ಷಣಾ ಕಾಯ್ದೆಯ 18ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ತಡೆಯಬಹುದು. ಖಾತೆಯ ಸಂಖ್ಯೆ, ಬ್ಯಾಂಕಿನ ಶಾಖೆ ಅವಳಿಂದ ಇವತ್ತೇ ಕೇಳಿಟ್ಟುಕೊಳ್ಳಿ.