ಸಹಾಯ ಬೇಕು: ಪೋಲರಾಯ್ಡ್ 600ರ ಖಾಲಿ ಪ್ಯಾಕ್ ಇದೆಯಾ?

ನಮಸ್ಕಾರ, ನಾನು ಮೈಸೂರು ಸರಸ್ವತಿಪುರಂನವನು. ಅಟ್ಟದ ಮೇಲೆ ಮಾವನ ಪೋಲರಾಯ್ಡ್ 600 (ತೆಗೆದ ಕೂಡಲೇ ಫೋಟೋ ಹೊರಗೆ ಬರುವ) ಕ್ಯಾಮೆರಾ ಸಿಕ್ಕಿತು, ಜೊತೆಗೆ ಸೀಲ್ ಒಡೆಯದ ಫಿಲ್ಮ್ ಪ್ಯಾಕ್ ಎರಡು. ಅವಧಿ ಮುಗಿದದ್ದು 2006ರಲ್ಲಿ!

ಮೊದಲ ಪ್ಯಾಕ್‌ನಲ್ಲಿ ಒಂದೇ ಫೋಟೋ ಬಂತು. ಜಗಲಿ ಮೇಲೆ ಕೂತ ಅಜ್ಜಿ. ಒಳಗಿನ ರಾಸಾಯನಿಕ ಒಣಗಿ ಅರ್ಧಕ್ಕೇ ನಿಂತಿದೆ. ಸೀರೆ ಅಂಚು, ಬಳೆ, ಕೈ ಚೆನ್ನಾಗಿ ಮೂಡಿವೆ. ಮೇಲೆಲ್ಲ ಬೆಲ್ಲದ ಬಣ್ಣ, ಮುಖವೇ ಇಲ್ಲ. ಇನ್ನೊಮ್ಮೆ ತೆಗೆಯಲೇಬೇಕು.

ಇದರ ಬ್ಯಾಟರಿ ಇರುವುದು ಫಿಲ್ಮ್ ಪ್ಯಾಕ್ ಒಳಗೇ ಅಲ್ವಾ, ಎರಡರದ್ದೂ ಸತ್ತಿದೆ. ಮೈಸೂರು, ಮಂಡ್ಯದಲ್ಲಿ ಯಾರಾದರೂ ಹೊಸ 600 ಫಿಲ್ಮ್ ಬಳಸುತ್ತಿದ್ದರೆ ಮುಗಿದ ಪ್ಯಾಕ್ ಸುಮ್ನೆ ಎಸೆಯಬೇಡಿ, ನನಗೆ ಕೊಡಿ. ಅದರ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಚಾರ್ಜ್ ಉಳಿದಿರುತ್ತದೆ, ನನ್ನ ಹಳೇ ಫಿಲ್ಮ್ ಹಾಳೆಗಳನ್ನು ಅದಕ್ಕೆ ಹಾಕಿ ನೋಡುತ್ತೇನೆ. ನಾನೇ ಬಂದು ತಗೊಳ್ಳುತ್ತೇನೆ. ಬೆಳಕು ತಾಗದಂತೆ ಕತ್ತಲಲ್ಲಿ ಹಾಳೆಗಳನ್ನು ಹೀಗೆ ಬೇರೆ ಪ್ಯಾಕ್‌ಗೆ ಹಾಕಿ ಅಭ್ಯಾಸ ಇರುವವರು ದಯವಿಟ್ಟು ಹೇಳಿಕೊಡಿ.