ಹಳೇ ಡ್ರೈವರ್ ಕ್ಲೀನ್ ಮಾಡಲು ಹೋಗಿ ಬೋರ್ಡೇ ಹ್ಯಾಂಗ್

ರಿಜಿಸ್ಟರ್‌ರಂಗ:
ಲಿನಕ್ಸ್‌ನ ಒಂದು ಹಳೇ ಎಡಿಸಿ (ಅನಲಾಗ್ ಸಿಗ್ನಲನ್ನು ಅಂಕಿಯಾಗಿಸುವ ಹಾರ್ಡ್‌ವೇರ್) ಡ್ರೈವರ್ ಹಿಡಿದು ಕೂತಿದ್ದೇನೆ. ಡಿವೈಸ್ ಸಿಕ್ಕಾಗ ಓಡುವ ಪ್ರೋಬ್ ಫಂಕ್ಷನ್‌ನ ಕೊನೆಯಲ್ಲಿ ಎರರ್ ಆದರೆ ಜಿಗಿಯಲು ಏಳು ಗೋಟು ಲೇಬಲ್, ಒಂದೊಂದರ ಕೆಳಗೂ ಒಂದೊಂದು ಫ್ರೀ. ಕರ್ನಲ್‌ನ ಡೆವ್‌ಎಂ ಫಂಕ್ಷನ್‌ಗಳನ್ನು ಹಾಕಿದರೆ ಇದೆಲ್ಲ ತಾನಾಗೇ ಬಿಡುಗಡೆ ಆಗುತ್ತೆ ಅಲ್ವಾ ಅಂತ ಮೆಮೊರಿ, ಐಒರೀಮ್ಯಾಪ್ (ರಿಜಿಸ್ಟರ್ ವಿಳಾಸದ ಮ್ಯಾಪಿಂಗ್), ಐಆರ್‌ಕ್ಯೂ (ಇಂಟರಪ್ಟ್ ಲೈನ್) ಮೂರನ್ನೂ ಬದಲಾಯಿಸಿದೆ. ಕ್ಲಾಕ್ ಮಾತ್ರ ಹಳೇ ರೀತಿಯಲ್ಲೇ ಬಿಟ್ಟೆ, ಡ್ರೈವರ್ ಬಿಡಿಸುವಾಗ ಓಡುವ ರಿಮೂವ್ ಫಂಕ್ಷನ್‌ನಲ್ಲಿ ನಾನೇ ಆಫ್ ಮಾಡುತ್ತೇನೆ. 60 ಸಾಲು ಹೋಯಿತು, ಖುಷಿಯೋ ಖುಷಿ. ಆದರೆ ಸಿಸ್‌ಎಫ್‌ಎಸ್‌ನಿಂದ (ಕರ್ನಲ್‌ನ /sys ಫೈಲ್‌ಗಳು) ಅನ್‌ಬೈಂಡ್ ಮಾಡಿ ಡ್ರೈವರನ್ನು ಡಿವೈಸ್‌ನಿಂದ ಬಿಡಿಸಿದರೆ ಕೆಲವು ಸಲ ಬೋರ್ಡ್ ಅಲ್ಲೇ ನಿಂತುಬಿಡುತ್ತೆ, ಸೀರಿಯಲ್ ಕನ್ಸೋಲ್‌ನಲ್ಲಿ ಒಂದಕ್ಷರವೂ ಬರುವುದಿಲ್ಲ. ಡೆವ್‌ಎಂ ಹಾಕಿದ್ದೇ ತಪ್ಪಾ?

ಗೋಟುಗಿರಿ:
ಡೆವ್‌ಎಂ ತಪ್ಪಲ್ಲ ಗುರು, ಅರ್ಧ ಹಾಕಿದ್ದು ತಪ್ಪು. ಡೆವ್‌ಎಂನಲ್ಲಿ ತೆಗೆದುಕೊಂಡದ್ದೆಲ್ಲ ರಿಮೂವ್ ಮುಗಿದ ಮೇಲೆ ಬಿಡುಗಡೆ ಆಗುತ್ತೆ, ಅದೂ ಕೊನೆಗೆ ತೆಗೆದುಕೊಂಡದ್ದು ಮೊದಲು. ನಿಮ್ಮ ರಿಮೂವ್ ಮೊದಲು ಕ್ಲಾಕ್ ನಿಲ್ಲಿಸುತ್ತೆ. ಐಆರ್‌ಕ್ಯೂ ಇನ್ನೂ ಜೀವಂತ! ಆ ಸಂದಿಯಲ್ಲಿ ಒಂದು ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಹೋಗಿ ಸ್ಟೇಟಸ್ ರಿಜಿಸ್ಟರ್ ಓದುತ್ತೆ, ಕ್ಲಾಕ್ ಇಲ್ಲದ ಬ್ಲಾಕ್ ಉತ್ತರವನ್ನೇ ಕೊಡುವುದಿಲ್ಲ, ಬಸ್ ಅಲ್ಲೇ ಕಾಯುತ್ತಾ ಕೂರುತ್ತೆ. ಅದಕ್ಕೇ ಕನ್ಸೋಲ್‌ನಲ್ಲಿ ಏನೂ ಬರಲಿಲ್ಲ.
ಕ್ಲಾಕನ್ನೂ ಡೆವ್‌ಎಂಗೆ ತನ್ನಿ, ಡೆವ್‌ಎಂ_ಸಿಎಲ್‌ಕೆ_ಗೆಟ್_ಎನೇಬಲ್ಡ್ ಇದೆಯಲ್ಲ. ಅದನ್ನು ಐಆರ್‌ಕ್ಯೂಗಿಂತ ಮೊದಲು ಕರೆಯಿರಿ, ಆಗ ಅದು ಕೊನೆಗೆ ಹೋಗುತ್ತೆ. ಡೆವ್‌ಎಂ ರೂಪವೇ ಇಲ್ಲದ ಕೆಲಸ ಇದ್ದರೆ ಅದರ ಬಿಡುಗಡೆ ಫಂಕ್ಷನ್ ಅನ್ನು ಡೆವ್‌ಎಂ_ಆ್ಯಡ್_ಆ್ಯಕ್ಷನ್_ಆರ್_ರೀಸೆಟ್‌ನಿಂದ ಸೇರಿಸಿ.

ಬೂಟ್‌ಲೋಡರ್_ಬಸಣ್ಣ:
ಇನ್ನೊಂದು. ನಿಮ್ಮದು ಹಲವು ಡಿವೈಸ್ ಹಂಚಿಕೊಳ್ಳುವ ಶೇರ್ಡ್ ಐಆರ್‌ಕ್ಯೂ ಆಗಿದ್ದರೆ ಕರ್ನಲ್ ಕಾನ್ಫಿಗ್‌ನಲ್ಲಿ ಡಿಬಗ್_ಎಸ್‌ಎಚ್‌ಐಆರ್‌ಕ್ಯೂ ಆನ್ ಮಾಡಿ. ಐಆರ್‌ಕ್ಯೂ ಬಿಡುವಾಗ ಕರ್ನಲ್ಲೇ ಬೇಕಂತಲೇ ಒಂದು ಸಲ ಹ್ಯಾಂಡ್ಲರ್ ಕರೆಯುತ್ತೆ, ಕೆಲವು ಸಲ ಆಗುತ್ತಿದ್ದ ಹ್ಯಾಂಗ್ ಪ್ರತಿ ಸಲ ಆಗುತ್ತೆ.
ಮತ್ತೆ, ಎಲ್ಲ ಒಂದೇ ಪ್ಯಾಚ್‌ನಲ್ಲಿ ತುರುಕಬೇಡಿ ದಯವಿಟ್ಟು. ಕ್ಲಾಕ್ ಒಂದು, ಐಆರ್‌ಕ್ಯೂ ಒಂದು, ಎರರ್ ಮೆಸೇಜ್‌ಗಳನ್ನು ಡೆವ್_ಎರ್_ಪ್ರೋಬ್‌ಗೆ ತರುವುದು ಒಂದು. (ಡೆವ್_ಎರ್_ಪ್ರೋಬ್ 2020ರಲ್ಲಿ ಬಂತು. ರೆಗ್ಯುಲೇಟರ್ ಇನ್ನೂ ರೆಡಿ ಇಲ್ಲ, ಪ್ರೋಬ್ ಆಮೇಲೆ ಮಾಡು ಅನ್ನುವ ಸಂದರ್ಭದಲ್ಲಿ ಲಾಗ್ ತುಂಬಾ ಎರರ್ ಸುರಿಯುವುದಿಲ್ಲ.) ಹೀಗೆ ಬೇರೆ ಬೇರೆ ಮಾಡಿದರೆ ಬೈಸೆಕ್ಟ್ ಮಾಡುವವನಿಗೆ (ಪ್ಯಾಚ್‌ಗಳ ಸಾಲನ್ನು ಅರ್ಧ ಅರ್ಧ ಮಾಡುತ್ತಾ ತಪ್ಪು ಹುಡುಕುವವನಿಗೆ) ಯಾವುದು ಮುರಿಯಿತು ಅಂತ ಗೊತ್ತಾಗುತ್ತೆ. ಸ್ಪೇಸ್, ಟ್ಯಾಬ್ ಸರಿಮಾಡಿದ್ದನ್ನು ಇದರ ಜೊತೆ ಬೆರೆಸಿದರಂತೂ ಮೇಂಟೇನರ್ ವಾಪಸ್ ಕಳಿಸುವುದು ಖಂಡಿತ, ನಾನು ಎರಡು ಸಲ ಬೈಸಿಕೊಂಡಿದ್ದೇನೆ.

ಸುಮ್ನೆ_ಓದುಗ:
ನನ್ನ ತಕರಾರು ಬೇರೆ. ಹಾರ್ಡ್‌ವೇರ್ ಕೈಯಲ್ಲಿ ಇಲ್ಲದವರು ಸುಮ್ನೆ ಕಂಪೈಲ್ ಮಾಡಿ ಇಂಥ ಪ್ಯಾಚ್ ಕಳಿಸುತ್ತಾರೆ. ಇವರ ಹತ್ತಿರ ಬೋರ್ಡ್ ಇತ್ತು, ಅನ್‌ಬೈಂಡ್ ಮಾಡಿ ನೋಡಿದರು, ಸಿಕ್ಕಿತು. ಇಲ್ಲದಿದ್ದರೆ? ಏಳು ಗೋಟು ನೋಡಲು ಕೆಟ್ಟದಾಗಿರಬಹುದು, ಆದರೆ ಅದರ ಕ್ರಮ ಸರಿ ಇತ್ತು.

ರಿಜಿಸ್ಟರ್‌ರಂಗ:
ಕ್ಲಾಕ್ ಬದಲಾಯಿಸಿದೆ. ಬೈಂಡ್-ಅನ್‌ಬೈಂಡ್ ಲೂಪ್‌ಗೆ ಹಾಕಿ ಊಟಕ್ಕೆ ಹೋಗಿ ಬಂದೆ, ಇನ್ನೂ ಓಡುತ್ತಿದೆ. ರಿಮೂವ್ ಫಂಕ್ಷನ್ನೇ ಬೇಡವಾಯಿತು, ಅಳಿಸಿದೆ. ಈಗ ಪ್ಯಾಚ್ ನಾಲ್ಕು ತುಂಡು ಮಾಡುತ್ತಾ ಕೂತಿದ್ದೇನೆ, ಬಸಣ್ಣನವರ ಕೃಪೆ.