ಅಜ್ಜನ ಫೋಟೋದಲ್ಲಿರುವ ಲಾರಿ ಯಾವುದು?

ಸುಂಟಿಕೊಪ್ಪದವ:
ಮನೆ ಅಟ್ಟದಲ್ಲಿ ಒಂದು ಹಳೇ ಫೋಟೋ ಸಿಕ್ಕಿತು. ಉದ್ದ ಮೂತಿಯ ಲಾರಿ, ಮುಂದೆ ಅಜ್ಜ. ಅವರು ಮಡಿಕೇರಿಯಿಂದ ಮಂಗಳೂರಿಗೆ ಕಾಫಿ ಮೂಟೆ ಹೊಡೆಯುತ್ತಿದ್ದರು, ವಾಪಸ್ ಬರುವಾಗ ಹೆಂಚು, ಉಪ್ಪು. ಬೆಡ್‌ಫರ್ಡ್ ಅಂತ ಅಪ್ಪ ಹೇಳ್ತಾರೆ, ಹೌದಾ?

ಘಾಟಿ ಡ್ರೈವರ್:
ಬೆಡ್‌ಫರ್ಡೇ ತಮ್ಮಾ, ಸಂಶಯ ಬೇಡ. ಇಂಗ್ಲೆಂಡಿನ ಲೂಟನ್‌ನಲ್ಲಿ ವಾಕ್ಸ್‌ಹಾಲ್‌ನವರು 1931ರಲ್ಲಿ ಶುರು ಮಾಡಿದ ಲಾರಿ ಅದು. ನಾನು ಕ್ಲೀನರ್ ಆಗಿದ್ದಾಗ ನಮ್ಮ ಗಾಡಿಯ ಪೆಟ್ರೋಲ್ ಎಂಜಿನ್ ತೆಗೆದು ಪರ್ಕಿನ್ಸ್ ಕಂಪನಿಯ ಡೀಸೆಲ್ ಎಂಜಿನ್ ಕೂರಿಸಿದ್ದರು. ಬೆಳಿಗ್ಗೆ ಚಳಿಗೆ ಎಂಜಿನ್ ಸ್ಟಾರ್ಟ್ ಮಾಡಲು ಹ್ಯಾಂಡಲ್ ತಿರುಗಿಸಿ ತಿರುಗಿಸಿ ರಟ್ಟೆ ಬೀಳುತ್ತಿತ್ತು, ಕೈ ತಪ್ಪಿದರೆ ಅದೇ ಹ್ಯಾಂಡಲ್ ವಾಪಸ್ ಹೊಡೆಯುತ್ತಿತ್ತು. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ನಂಬುವಂತಿಲ್ಲ, ಮೇಲೇ ಸಣ್ಣ ಗೇರಿಗೆ ಹಾಕಿಕೊಳ್ಳಬೇಕು, ಅದಕ್ಕೂ ಡಬಲ್ ಕ್ಲಚ್, ಅಂದ್ರೆ ಎರಡು ಸಲ ಕ್ಲಚ್ ಒತ್ತಿ ನಡುವೆ ಸ್ವಲ್ಪ ರೇಸ್ ಕೊಡಬೇಕು, ಇಲ್ಲಾಂದ್ರೆ ಗೇರು ಕರ್ ಅಂತ ಕೂಗಿ ರಸ್ತೆಯವರೆಲ್ಲ ತಿರುಗಿ ನೋಡುತ್ತಿದ್ದರು. ಹತ್ತುವಾಗ ರೇಡಿಯೇಟರ್ ಕುದಿಯುತ್ತಿತ್ತು, ತೋಡು ಕಂಡಲ್ಲೆಲ್ಲ ನಾನು ಡಬ್ಬ ಹಿಡಿದು ಓಡಬೇಕು.

ಗೋಣಿಕೊಪ್ಪ ಗ್ಯಾರೇಜ್:
ಅಣ್ಣಾ, ಬೆಡ್‌ಫರ್ಡ್ ಚಂದ, ಆದರೆ ಕೆಲಸಕ್ಕೆ ಲೇಲ್ಯಾಂಡ್ ಕಾಮೆಟ್ ಲಾರಿಯೇ. 1948ರ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತಲ್ವಾ, ಹಾಗಾಗಿ ಮದ್ರಾಸಿನಿಂದ ಸ್ಪೇರ್ ಬರುತ್ತಿತ್ತು.

ಘಾಟಿ ಡ್ರೈವರ್:
ಸ್ಪೇರ್ ವಿಷಯ ಒಪ್ಪಿದೆ. ಆದರೆ ಆ ಮೂತಿ ಕಾಮೆಟ್‌ಗೆ ಎಲ್ಲಿ ಬರಬೇಕು ಮಾರಾಯ!

ಸುಂಟಿಕೊಪ್ಪದವ:
ಅಪ್ಪನಿಗೆ ಓದಿ ಹೇಳಿದೆ. ಹ್ಯಾಂಡಲ್ ಹೊಡೆದ ಗುರುತು ಅಜ್ಜನ ಕೈಯಲ್ಲೂ ಇತ್ತಂತೆ.